ಸಪಾಟು ಕಾಡಿನಲ್ಲಿ ಒಂದು ಹಗಲು: ಬಿಗ್ ಸೈಪ್ರೆಸ್ ಕಲಿಸಿದ ಪಾಠಗಳು

ಕುಮಾರ ಪರ್ವತ, ಕುದುರೆಮುಖ ಹತ್ತಿ ಬೆಳೆದವರಿಗೆ ಚಾರಣದ ಲೆಕ್ಕ ಬಾಯಿಪಾಠ. ಎಷ್ಟು ಕಿಲೋಮೀಟರ್, ಎಷ್ಟು ಏರು, ಗಿರಿಗದ್ದೆ ಎಷ್ಟು ಗಂಟೆಗೆ ಸಿಗಬೇಕು, ಇಳಿಯುವಾಗ ಮಂಡಿ ಎಷ್ಟು ಮಾತು ಕೇಳುತ್ತದೆ. ದಕ್ಷಿಣ ಫ್ಲೋರಿಡಾದ ಬಿಗ್ ಸೈಪ್ರೆಸ್ ನ್ಯಾಷನಲ್ ಪ್ರಿಸರ್ವ್‌ಗೆ ಬಂದರೆ ಆ ಲೆಕ್ಕ ಕೈಕೊಡುತ್ತದೆ. 7 ಲಕ್ಷ 29 ಸಾವಿರ ಎಕರೆ ಕಾಡು. ಅದರಲ್ಲಿ ಎತ್ತರದ ಜಾಗ ಅಂದರೆ ಸಮುದ್ರಮಟ್ಟದಿಂದ 20 ಅಡಿ ಆಸುಪಾಸು. ನೆಲ ವಾಲಿರುವುದು ಮೈಲಿಗೆ ಎರಡಂಗುಲದಷ್ಟು. ಆ ಎರಡಂಗುಲದ ವಾಟದಲ್ಲೇ ಮಳೆನೀರು ತಿಂಗಳುಗಟ್ಟಲೆ ಮೆಕ್ಸಿಕೊ ಕೊಲ್ಲಿಯ ಕಡೆಗೆ ತೆವಳುತ್ತಿರುತ್ತದೆ.

ಮಗನ ಮನೆಗೆಂದು ಬಂದಿದ್ದ ಗೆಳೆಯನೊಬ್ಬನ ತಂದೆ, ಸಾಗರದ ಕಡೆಯವರು, ನಾವು ನಡಿಗೆಯ ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು ಕೂತದ್ದನ್ನು ನೋಡಿ ಕೇಳಿದ್ದರು: "ಹತ್ತೂದೇ ಇಲ್ಲ ಅಂದ್ಮೇಲೆ ಇದಕ್ಕೆಂಥಾ ತಯಾರಿ ಮಾರಾಯಾ?" ಹತ್ತುವುದು ಇದೆ. ಅಂಗುಲಗಳಲ್ಲಿ ಇದೆ, ಮತ್ತು ಅದನ್ನು ಅಳೆದು ತೋರಿಸುವುದು ನೀರು. ಚಳಿಗಾಲ ಬಂತೆಂದರೆ ಇಲ್ಲಿನ ಕನ್ನಡ ಬಳಗದವರನ್ನು ಒಂದು ದಿನದ ನಡಿಗೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ನೀರಿನ ಪಂಚಾಂಗ, ಆಮೇಲೆ ರಜೆಯ ಪಂಚಾಂಗ

ಇಲ್ಲಿ ಇರುವುದು ಎರಡೇ ಕಾಲ. ಮೇ ನಡುವಿನಿಂದ ಅಕ್ಟೋಬರ್‌ತನಕ ಮಳೆ, ನವೆಂಬರ್‌ನಿಂದ ಏಪ್ರಿಲ್‌ತನಕ ಒಣಹವೆ. ಇದನ್ನು ಓದಿದವರು ಥ್ಯಾಂಕ್ಸ್‌ಗಿವಿಂಗ್ ರಜೆಗೇ ಹೊರಡುತ್ತಾರೆ. ಆಕಾಶ ನೀಲಿ, ಬಿಸಿಲು ಹದ, ಸೊಳ್ಳೆ ಕಡಿಮೆ. ಹಾದಿಯ ಮೇಲೆ ಮಾತ್ರ ಮೊಣಕಾಲುದ್ದ ನೀರು! ಆಕಾಶದ ಮಳೆಗಾಲ ಅಕ್ಟೋಬರಿನಲ್ಲಿ ಮುಗಿದರೂ ನೆಲದ ಮಳೆಗಾಲ ಮುಗಿಯುವುದಕ್ಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಮೈಲಿಗೆ ಎರಡಂಗುಲದ ವಾಟದಲ್ಲಿ ನೀರಿಗೆ ಓಡುವ ಅವಸರವೇನಿದೆ?

ಹೊಸಬರಿಗೆ ನಾನು ಹೇಳುವ ಕಾಲ ಜನವರಿ ಕೊನೆಯಿಂದ ಮಾರ್ಚ್ ನಡುವಿನತನಕ. ನೀರಿನಲ್ಲಿ ನಡೆಯುವುದೇ ಆಸೆ ಎನ್ನುವವರು ಡಿಸೆಂಬರ್‌ನಲ್ಲಿ ಹೋಗಲಿ. ಏಪ್ರಿಲ್ ದಾಟಿದರೆ ನೆಲ ಬಿರುಕು ಬಿಡುತ್ತದೆ, ಬಿಸಿಲು ಏರುತ್ತದೆ, ಕಾಡುಬೆಂಕಿಯ ಭಯವೂ ಇರುತ್ತದೆ. ಎಲ್ ನಿನೊ ಇರುವ ವರ್ಷ ಈ ಲೆಕ್ಕವೂ ಜರುಗುತ್ತದೆ, ಯಾಕೆಂದರೆ ಆಗ ಫ್ಲೋರಿಡಾದ ಚಳಿಗಾಲಕ್ಕೆ ಮಳೆ ಹೆಚ್ಚು. ಬೇಸಿಗೆಯಂತೂ ಬೇಡವೇ ಬೇಡ. ಮಧ್ಯಾಹ್ನವಾದರೆ ಗುಡುಗುಮೋಡ ಕಟ್ಟುತ್ತದೆ. ಬಯಲಿನಲ್ಲಿ ಕಾಲ ಕೆಳಗೆ ನೀರಿಟ್ಟುಕೊಂಡು ನಿಂತವನಿಗೆ ಸಿಡಿಲಿನಿಂದ ಮರೆಯಾಗಲು ಜಾಗವಿಲ್ಲ.

ಹೋಗುವ ಹಿಂದಿನ ದಿನ ವಿಸಿಟರ್ ಸೆಂಟರ್‌ಗೆ ಫೋನ್ ಮಾಡಿ. "ಟ್ರೇಲ್ ಓಪನ್ ಇದೆಯಾ?" ಎಂದು ಕೇಳಿದರೆ ಹೌದು ಎನ್ನುತ್ತಾರೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ. "ಮೊದಲ ಮೂರು ಮೈಲಿಯಲ್ಲಿ ನೀರು ಹಿಮ್ಮಡಿಗೋ, ಮೊಣಕಾಲಿಗೋ, ತೊಡೆಗೋ?" ಎಂದು ಕೇಳಿ. ಆಗ ರೇಂಜರ್ ಉತ್ಸಾಹದಿಂದ ಮಾತಿಗಿಳಿಯುತ್ತಾರೆ.

2. ಮರದ ತಲೆ ನೋಡಿ, ನೀರಿನ ಆಳ ತಿಳಿಯುತ್ತದೆ

ಒಂದೇ ಒಂದು ಪಾಠ ಸಾಕು ಎನ್ನುವವರಿಗೆ ಇದು. ನಮ್ಮ ಘಟ್ಟದ ನಕ್ಷೆಯಲ್ಲಿ ಏರಿಳಿತದ ಗೆರೆಗಳಿರುತ್ತವೆ. ಬಿಗ್ ಸೈಪ್ರೆಸ್‌ನ ನಕ್ಷೆಯಲ್ಲಿ ಅವು ಇದ್ದರೂ ಉಪಯೋಗಕ್ಕಿಲ್ಲ. ಆ ಗೆರೆಗಳನ್ನು ದಿಗಂತದಲ್ಲಿ ಹುಡುಕಬೇಕು.

ದೂರದಲ್ಲಿ ಸ್ಲ್ಯಾಶ್ ಪೈನ್ ಮರಗಳು ಬಿಡಿಬಿಡಿಯಾಗಿ ಎದ್ದು, ಬುಡದಲ್ಲಿ ಬೀಸಣಿಗೆ ಎಲೆಯ ಸಾ ಪಾಮೆಟ್ಟೊ ಪೊದೆ ಕಂಡರೆ ಅಲ್ಲಿ ನೆಲ ಕೆಲವು ಅಂಗುಲ ಎತ್ತರವಿದೆ ಎಂದರ್ಥ. ಕಾಲು ಒಣಗಿಸಿಕೊಳ್ಳಬಹುದು. ಓಕ್, ಗಂಬೊ ಲಿಂಬೊ, ಕ್ಯಾಬೇಜ್ ಪಾಮ್ ಒತ್ತಾಗಿ ಬೆಳೆದು ಕಪ್ಪಗೆ ಕಾಣುವ ಗುಂಪನ್ನು ಇಲ್ಲಿ ಹ್ಯಾಮಕ್ ಎನ್ನುತ್ತಾರೆ. ಅದು ಇನ್ನೂ ತುಸು ಎತ್ತರ, ಒಳಗೆ ನೆರಳು. ಆಳೆತ್ತರದ, ಸಣಕಲು ಸೈಪ್ರೆಸ್‌ಗಳು ದೂರದೂರಕ್ಕೆ ನಿಂತ ಬಯಲಾದರೆ ಸುಣ್ಣಕಲ್ಲಿನ ಮೇಲೆ ಮಣ್ಣು ತೆಳು, ನೀರೂ ಹಿಮ್ಮಡಿಯಷ್ಟೇ. ಈ ಗಿಡ್ಡ ಮರಗಳನ್ನು ನೋಡಿ ಎಳೆಯ ಸಸಿ ಎಂದುಕೊಳ್ಳಬೇಡಿ, ಎಷ್ಟೋ ಮರಗಳಿಗೆ ನೂರು ವರ್ಷ ದಾಟಿದೆ.

ಸೈಪ್ರೆಸ್‌ಗಳು ಅಂಚಿನಲ್ಲಿ ಕುಳ್ಳಗೆ ಶುರುವಾಗಿ ನಡುವಿಗೆ ಹೋದಂತೆ ಎತ್ತರವಾಗುತ್ತ ಗುಮ್ಮಟದ ಆಕಾರ ಕಟ್ಟಿದ್ದರೆ ಅದು ಡೋಮ್. ನೋಡಿದವರಿಗೆ ಅಲ್ಲೊಂದು ದಿಬ್ಬವಿದೆ ಎನಿಸುತ್ತದೆ. ನಿಜ ತಲೆಕೆಳಗು: ಮರ ಎತ್ತರವಿರುವಲ್ಲಿ ನೆಲ ತಗ್ಗು. ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ತಗ್ಗು ಮಾಡಿದೆ, ತಗ್ಗಿನಲ್ಲಿ ಕೊಳೆತ ಎಲೆಯ ಮಣ್ಣು ದಪ್ಪವಾಗಿ ಕೂತಿದೆ, ನೀರು ವರ್ಷದ ಹೆಚ್ಚು ದಿನ ನಿಲ್ಲುತ್ತದೆ, ಹಾಗಾಗಿ ನಡುವಿನ ಮರ ಎತ್ತರಕ್ಕೆ ಹೋಗುತ್ತದೆ. ಎಷ್ಟೋ ಡೋಮ್‌ಗಳ ನಟ್ಟನಡುವೆ ಮರವೇ ಇಲ್ಲದ ಹೊಂಡವಿರುತ್ತದೆ. ಅದಕ್ಕೆ ಒಡೆಯ ಬೇರೆ, ಅವನ ವಿಷಯ ಮುಂದೆ ಬರುತ್ತದೆ. ಇದೇ ತಗ್ಗು ಉದ್ದಕ್ಕೆ ಚಾಚಿಕೊಂಡರೆ ಸ್ಟ್ರ್ಯಾಂಡ್. ಹಾದಿ ಸ್ಟ್ರ್ಯಾಂಡನ್ನು ಅಡ್ಡಹಾಯುವ ಕಡೆ ನೀರು ಹೆಚ್ಚೆಂದು ಮೊದಲೇ ಗುರುತು ಹಾಕಿಕೊಳ್ಳಿ.

ಹತ್ತಿರ ಹೋದ ಮೇಲೆ ಕಾಂಡವನ್ನು ಓದಿ. ಬುಡ ಉಬ್ಬಿಕೊಂಡಿರುತ್ತದೆ, ಒಂದು ಮಟ್ಟದಲ್ಲಿ ತೊಗಟೆಯ ಬಣ್ಣ ಸಟ್ಟನೆ ಬದಲಾಗುತ್ತದೆ. ಮಳೆಗಾಲದ ನೀರು ಬಂದು ನಿಂತದ್ದು ಅಲ್ಲಿತನಕ. ಬಯಲಿನ ಕಡ್ಡಿಗಳಿಗೆ ಬೂದುಬಣ್ಣದ ಒಣ ಪಾಚಿ ನೇತುಬಿದ್ದಿರುತ್ತದೆ, ಅದೂ ಇದೇ ಸಾಕ್ಷಿ ಹೇಳುತ್ತದೆ. ಇನ್ನೊಂದು ಚಂದದ ಗುರುತಿದೆ. ಇಲ್ಲಿನ ಆ್ಯಪಲ್ ಸ್ನೇಲ್ ಎಂಬ ಬಸವನಹುಳು ನೀರಿನಲ್ಲೇ ಬದುಕಿದರೂ ಮೊಟ್ಟೆಯನ್ನು ಮಾತ್ರ ನೀರಿನಿಂದ ಮೇಲಕ್ಕೆ, ಹುಲ್ಲಿನ ದಂಟಿಗೆ ಅಂಟಿಸುತ್ತದೆ. ಊರಿನ ಜಾತಿಯದಾದರೆ ಮುತ್ತಿನಂಥ ಬಿಳಿ ಮೊಟ್ಟೆ, ಹೊರಗಿನಿಂದ ಬಂದ ಜಾತಿಯದಾದರೆ ಕಣ್ಣಿಗೆ ಹೊಡೆಯುವ ಗುಲಾಬಿ. ಬಗ್ಗಿ ನೋಡಿದರೆ ಎರಡನ್ನೂ ಒಂದೇ ಹಾದಿಯಲ್ಲಿ ಕಾಣಬಹುದು.

3. ಗಂಟೆಗೆ ಒಂದು ಮೈಲಿ

ಸಪಾಟು ನೆಲ, ಗಂಟೆಗೆ ಮೂರು ಮೈಲಿ ಸಲೀಸು ಎಂದು ಲೆಕ್ಕ ಹಾಕುವವರಿಗೆ ನನ್ನದೊಂದೇ ಉತ್ತರ: ನೀರಿದ್ದಲ್ಲಿ ಗಂಟೆಗೆ ಒಂದು ಮೈಲಿ ಹಿಡಿಯಿರಿ. ಕಾಲನ್ನು ಎತ್ತಿ ಇಡುವ ಹಾಗಿಲ್ಲ, ಎಳೆದು, ತಡಕಿ, ಊರಿ ಇಡಬೇಕು.

ಟಾಮಿಯಾಮಿ ಟ್ರೇಲ್ ಹೆದ್ದಾರಿಯ ಮೇಲಿರುವ ಓಯಸಿಸ್ ವಿಸಿಟರ್ ಸೆಂಟರ್‌ನಿಂದ ಫ್ಲೋರಿಡಾ ಟ್ರೇಲ್ ಉತ್ತರಕ್ಕೆ ಹೊರಡುತ್ತದೆ. ರಾಜ್ಯದ ಉದ್ದಕ್ಕೂ ಸಾವಿರ ಮೈಲಿ ಮೀರಿ ಹೋಗುವ ಹಾದಿಯ ದಕ್ಷಿಣದ ತುದಿ ಅದು. ಸುಮಾರು ಏಳು ಮೈಲಿ ಒಳಗೆ ಸೆವೆನ್ ಮೈಲ್ ಕ್ಯಾಂಪ್ ಇದೆ. ನಕ್ಷೆಯಲ್ಲಿ ಅದನ್ನು ನೋಡಿದವರೆಲ್ಲ "ಅಲ್ಲಿಗೆ ಹೋಗಿ ಬಂದುಬಿಡೋಣ, ಹದಿನಾಲ್ಕು ಮೈಲಿ ತಾನೆ" ಎನ್ನುತ್ತಾರೆ. ಬೇಡ. ಅದು ರಾತ್ರಿ ತಂಗುವವರ ಗುರಿ, ಅವರು ಪರ್ಮಿಟ್ ತೆಗೆದುಕೊಂಡು ಹೋಗುತ್ತಾರೆ. ಬೆಳಗ್ಗೆ 8ಕ್ಕೆ ನೀರಿಗಿಳಿದರೆ 11ಕ್ಕೆ ಮೂರು ಮೈಲಿ ಆಗಿರುತ್ತದೆ. ಅರ್ಧ ಗಂಟೆ ಊಟ, ಆಮೇಲೆ ಹಿಂದಕ್ಕೆ. ಒಟ್ಟು ಆರು ಮೈಲಿ, ಒಂದು ಇಡೀ ಹಗಲು.

ಎಲ್ಲಿಗೆ ತಲುಪಿದ್ದೀರಿ ಎಂಬುದು ಮುಖ್ಯವಲ್ಲ. ಗಡಿಯಾರ ಹೇಳಿದಾಗ ತಿರುಗಬೇಕು. ನಾನು 12 ಗಂಟೆ ಎಂದು ಹೊರಡುವ ಮೊದಲೇ ಎಲ್ಲರೆದುರು ಹೇಳಿಬಿಡುತ್ತೇನೆ, ಆಮೇಲೆ ಚೌಕಾಸಿ ಇಲ್ಲ. ಡಿಸೆಂಬರ್‌ನಲ್ಲಿ ಸಂಜೆ 5.30ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮಬ್ಬಿನಲ್ಲಿ ನೀರು ಹೊಳೆಯತೊಡಗಿದರೆ ಅದರಡಿಯ ಗುಂಡಿ ಕಾಣುವುದಿಲ್ಲ.

4. ಶೂ ಒದ್ದೆಯಾಗಲಿ ಎಂದೇ ಆರಿಸಿ

ನೀರು ಒಳಗೆ ಬಿಡದ ದುಬಾರಿ ಬೂಟು ಇಲ್ಲಿ ಶಿಕ್ಷೆ. ಮೇಲಿನಿಂದ ಒಳಗೆ ಬಂದ ನೀರನ್ನು ಅದು ಹೊರಗೂ ಬಿಡುವುದಿಲ್ಲ. ಜಾಲರಿ ಬಟ್ಟೆಯ, ಹಗುರವಾದ, ಹಳೆಯ ಓಟದ ಶೂ ಒಳ್ಳೆಯದು. ಪ್ರತಿ ಹೆಜ್ಜೆಗೂ ನೀರು ಒಳಗೆ ಬಂದು ಹೊರಗೆ ಹೋಗುತ್ತಿರುತ್ತದೆ. ತೆಳುವಾದ ಉಣ್ಣೆಯ ಕಾಲುಚೀಲ ಹಾಕಿ, ಹತ್ತಿಯದು ಬೇಡ. ಲೇಸನ್ನು ಎರಡು ಗಂಟು ಬಿಗಿಯಿರಿ. ಚಪ್ಪಲಿ, ಕ್ರಾಕ್ಸ್ ತೊಟ್ಟು ಬಂದವರನ್ನು ನಾನು ಕಾರಿನಿಂದಲೇ ಇಳಿಸುವುದಿಲ್ಲ.

ಕಾರಣ ನೆಲದಲ್ಲಿದೆ. ನೀರಿನಡಿ ಮಾರ್ಲ್ ಎಂಬ ಬೂದುಬಣ್ಣದ ಸುಣ್ಣದ ಕೆಸರು, ಹದವಾಗಿ ಹುದುಗಿದ ದೋಸೆ ಹಿಟ್ಟಿನ ಹಾಗೆ. ಕಾಲಿಟ್ಟರೆ ಮೆತ್ತಗೆ ಒಳಗೆಳೆದುಕೊಂಡು, ಎತ್ತುವಾಗ ಬಿಡಲೊಲ್ಲೆ ಎನ್ನುತ್ತದೆ. ಸಡಿಲ ಶೂ ಅಲ್ಲೇ ಉಳಿಯುತ್ತದೆ. ಕೆಸರಿನಡಿ ಸುಣ್ಣಕಲ್ಲು, ಅದರಲ್ಲಿ ನೀರು ಕೊರೆದ ತೂತುಗಳು, ಕೆಲವು ಪಾದದಷ್ಟು, ಕೆಲವು ಮೊಣಕಾಲಿನಷ್ಟು ಆಳ, ಅಂಚು ಚೂಪು. ಇಲ್ಲಿ ಹಾವು ಮೊಸಳೆಗಿಂತ ಕಾಲು ಉಳುಕುವುದೇ ದೊಡ್ಡ ಅಪಾಯ ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ.

ಹಾಗಾಗಿ ಕೈಯಲ್ಲೊಂದು ಕೋಲು ಇರಲೇಬೇಕು. ಎರಡು ಟ್ರೆಕ್ಕಿಂಗ್ ಕೋಲು ಬೇಡ, ಎದೆಯೆತ್ತರದ ಒಂದೇ ಗಟ್ಟಿ ಕೋಲು ಸಾಕು. ಮೊದಲು ಕೋಲು, ಆಮೇಲೆ ಕಾಲು. ಸೈಪ್ರೆಸ್ ಮಂಡಿಗಳೂ ಇವೆ, ಬೇರಿನಿಂದ ಮೇಲೆದ್ದ ಮೊಂಡು ಗೂಟಗಳು. ನೀರಿನ ಮೇಲೆ ಕಾಣುವವು ಸರಿ, ಒಂದಂಗುಲ ಕೆಳಗೆ ಅಡಗಿರುವವೇ ಮೊಣಕಾಲಿನ ಮುಂಚಿಪ್ಪಿಗೆ ಹೊಡೆಯುವುದು. ಪ್ಯಾಂಟು ಉದ್ದನೆಯದಿರಲಿ. ಸಾಗ್ರಾಸ್ ಎಂಬ ಜೊಂಡಿನ ಎಲೆಯಂಚಿಗೆ ಗರಗಸದ ಹಲ್ಲುಗಳಿವೆ. ಬರಿಗಾಲಿನ ಮೇಲೆ ಅದು ಎಳೆದ ಗೆರೆ ವಾರವಾದರೂ ಉರಿಯುತ್ತದೆ.

5. ಕಾಡಿನಲ್ಲಿ ನೆರಳಿದೆ ಎಂದುಕೊಳ್ಳಬೇಡಿ

ಸೈಪ್ರೆಸ್ ಸೂಜಿಯೆಲೆಯ ಮರ, ಆದರೂ ಚಳಿಗಾಲಕ್ಕೆ ಎಲೆ ಉದುರಿಸುತ್ತದೆ. ನಾವು ಹೋಗುವ ತಿಂಗಳುಗಳಲ್ಲೇ ಕಾಡು ಬೋಳು. ಮೇಲಿನಿಂದ ಬಿಸಿಲು, ಕೆಳಗಿನಿಂದ ನೀರಿನ ಪ್ರತಿಫಲನ, ಗಲ್ಲದಡಿಯೂ ಸುಡುತ್ತದೆ. ಅಗಲ ಅಂಚಿನ ಟೋಪಿ, ತೋಳು ಪೂರ್ತಿ ಮುಚ್ಚುವ ಅಂಗಿ. ಸುತ್ತ ನೀರಿದ್ದರೂ ಕುಡಿಯಲು ಬರುವುದಿಲ್ಲ, ತಲೆಗೆ ಮೂರು ನಾಲ್ಕು ಲೀಟರ್ ಹೊತ್ತೇ ಹೋಗಬೇಕು. ಫೆಬ್ರುವರಿ ಕೊನೆಗೆ ಚಿಗುರು ಶುರುವಾಗುತ್ತದೆ. ಆ ಹಸಿರು ನೋಡಲು ಬಲು ಸೊಗಸು, ನೆರಳಿಗೆ ಮಾತ್ರ ಏನೂ ಸಾಲದು.

6. ನಿಂತು ತಿನ್ನುವ ಊಟ

ನಮ್ಮವರ ಬುತ್ತಿ ಕೂತು ತಿನ್ನುವ ಬುತ್ತಿ. ಡಬ್ಬಿ ಬಿಚ್ಚಿ, ತಟ್ಟೆ ಹರಡಿ, ಚಿತ್ರಾನ್ನಕ್ಕೊಂದು ಸೌಟು, ಮೊಸರನ್ನಕ್ಕೊಂದು ಸೌಟು. ಇಲ್ಲಿ ಕೂರಲು ಒಣ ಜಾಗ ಪೈನ್ ದಿಬ್ಬದಲ್ಲಿ ಮಾತ್ರ. ಆ ದಿಬ್ಬ ಹಸಿವಾದಾಗಲೇ ಎದುರಾಗಬೇಕೆಂದೇನಿಲ್ಲ. ಚಪಾತಿಗೆ ಚಟ್ನಿಪುಡಿ, ತುಪ್ಪ ಸವರಿ ಬಿಗಿಯಾಗಿ ಸುತ್ತಿ ಫಾಯಿಲ್ ಕಟ್ಟಿದರೆ ಮೊಣಕಾಲುದ್ದ ನೀರಿನಲ್ಲಿ ನಿಂತೇ ತಿನ್ನಬಹುದು. ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿಯನ್ನು ಜಿಪ್ ಚೀಲಕ್ಕೆ ತುಂಬಿದರೆ ಚಮಚವೂ ಬೇಡ. ಕೋಡುಬಳೆ, ನಿಪ್ಪಟ್ಟು ಇರಲಿ, ಬೆವರಿದ ಮೈಗೆ ಉಪ್ಪು ಬೇಕು. ನಿಂಬೆ, ಉಪ್ಪು, ಸಕ್ಕರೆಯ ಪಾನಕ ಒಂದು ಬಾಟಲಿ ಇದ್ದರೆ ಅಂಗಡಿಯ ಬಣ್ಣದ ನೀರೇಕೆ? ಬಾಳೆಹಣ್ಣು ಬೇಡ, ಚೀಲದಲ್ಲಿ ಅದರ ಗತಿ ನೋಡಲಾಗದು.

7. ದಿಕ್ಕು ತಪ್ಪಿದರೆ ಹಳ್ಳ ಹಿಡಿದು ಹೋಗುವ ಮಾತಿಲ್ಲ

ಮಲೆನಾಡಿನಲ್ಲಿ ದಾರಿ ತಪ್ಪಿದವರಿಗೆ ಹಿರಿಯರು ಹೇಳುವ ಉಪಾಯ, ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ. ಇಲ್ಲಿ ನೀರು ಹರಿಯುವುದು ಕಣ್ಣಿಗೆ ಕಾಣುವುದೇ ಇಲ್ಲ. ಕಂಡು ಹಿಂಬಾಲಿಸಿದರೂ ಸಿಗುವುದು ಮ್ಯಾಂಗ್ರೋವ್ ಜೌಗು. ಗುರುತಿಗೆ ಗುಡ್ಡವಿಲ್ಲ, ಬಂಡೆಯಿಲ್ಲ. ನಾಲ್ಕೂ ದಿಕ್ಕಿನ ಡೋಮ್‌ಗಳು ಒಂದೇ ರೂಪ.

ಹಾದಿಯ ಗುರುತು ಮರದ ಮೇಲೆ ಬಳಿದ ಕಿತ್ತಳೆ ಬಣ್ಣದ ಆಯತ. ಜೋಡಿ ಆಯತ ಕಂಡರೆ ಅಲ್ಲಿ ತಿರುವಿದೆ. ಕವಲು ಹಾದಿಗೆ ನೀಲಿ. ನನ್ನ ಕಟ್ಟುನಿಟ್ಟು ಇಷ್ಟೇ: ಮುಂದಿನ ಗುರುತು ಕಣ್ಣಿಗೆ ಬೀಳುವತನಕ ಈ ಗುರುತಿನ ಮರದಡಿಯಿಂದ ಕದಲಬಾರದು. ಬಣ್ಣ ಬಳಿದ ಮರವೇ ಬಿದ್ದಿರಬಹುದು, ಸುಟ್ಟಿರಬಹುದು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಇಲ್ಲೇ ಪಕ್ಕದ ಮಾರ್ಕೊ ದ್ವೀಪದಲ್ಲಿ ದಡ ಹತ್ತಿದ್ದು. ಗುರುತು ಸಿಗದಿದ್ದರೆ ಒಬ್ಬರು ಮರದಡಿ ನಿಲ್ಲಲಿ, ಇನ್ನೊಬ್ಬರು ಕೂಗಿದರೆ ಕೇಳುವಷ್ಟು ದೂರ ಹೋಗಿ ಹುಡುಕಲಿ.

ಹಾದಿ ತಪ್ಪಿಸುವುದರಲ್ಲಿ ನಿಪುಣ ಎಂದರೆ ಸ್ವಾಂಪ್ ಬಗ್ಗಿಗಳ ಜಾಡು. ದೈತ್ಯ ಚಕ್ರದ ಆ ಗಾಡಿಗಳು ಕೊರೆದ ಎರಡು ಸಾಲು ಕಾಲುಹಾದಿಗಿಂತ ಅಗಲ, ಸ್ಪಷ್ಟ, ಮುಂದಕ್ಕೆ ಬಾ ಎಂದು ಕರೆಯುವಂತಿರುತ್ತವೆ. ಅಡ್ಡ ಬಂದಾಗಲೆಲ್ಲ ನಿಂತು ಕಿತ್ತಳೆ ಬಣ್ಣ ಹುಡುಕಿ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಸಿಗ್ನಲ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಜೊತೆಗೆ ಬ್ಯಾಟರಿ ಬೇಡದ ಒಂದು ದಿಕ್ಸೂಚಿ. ಓಯಸಿಸ್‌ನಿಂದ ಉತ್ತರಕ್ಕೆ ಹೋದವರಿಗೆ ದಕ್ಷಿಣ ಹಿಡಿದರೆ ಹೆದ್ದಾರಿ ಎಲ್ಲಾದರೂ ಸಿಗಲೇಬೇಕು.

8. ಒಡೆಯನ ಹೊಂಡ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅಲಿಗೇಟರ್. ನೋಡುವ ಆಸೆಯಿದ್ದರೆ ನೀರಿಗಿಳಿಯುವ ಕಷ್ಟ ಬೇಡ. ಟಾಮಿಯಾಮಿ ಟ್ರೇಲ್ 1928ರಲ್ಲಿ ಸಂಚಾರಕ್ಕೆ ತೆರೆಯಿತು. ಜೌಗಿನ ಮೇಲೆ ರಸ್ತೆ ಎತ್ತರಿಸಲು ಪಕ್ಕದಲ್ಲೇ ಅಗೆದು ಮಣ್ಣು ಕಲ್ಲು ತೆಗೆದರು, ಆ ಅಗೆತವೇ ಇಂದಿನ ಕಾಲುವೆ. ಕಾಡು ಒಣಗಿದಂತೆ ಅಲಿಗೇಟರ್‌ಗಳು ಕಾಲುವೆಗೆ ಬಂದು ಸೇರುತ್ತವೆ. ಓಯಸಿಸ್‌ನ ಮುಂದಿನ ಮರದ ಅಟ್ಟಣಿಗೆಯಲ್ಲಿ ಕಾಫಿ ಲೋಟ ಹಿಡಿದು ನಿಂತರೂ ಸಾಲುಸಾಲಾಗಿ ಕಾಣುತ್ತವೆ.

ಹಾದಿಯಲ್ಲಿ ಸೂತ್ರ ಸರಳ. ಹಿಮ್ಮಡಿ ನೀರು ನಿಮ್ಮದು, ಹೊಂಡ ಅದರದು. ಡೋಮ್ ನಡುವಿನ ಹೊಂಡಗಳನ್ನು ಅಲಿಗೇಟರ್‌ಗಳೇ ಕೆದಕಿ, ಹೊರಳಿ ಆಳವಾಗಿ ಉಳಿಸಿಕೊಂಡಿರುತ್ತವೆ. ಬರಗಾಲದಲ್ಲಿ ಮೀನು, ಆಮೆ, ಕೊಕ್ಕರೆಗಳೂ ಅಲ್ಲೇ ಬದುಕುತ್ತವೆ. ನೀರು ಇಳಿದಷ್ಟೂ ಹೊಂಡದಲ್ಲಿ ಜನಸಂದಣಿ. ಆದ್ದರಿಂದ ಹಾದಿ ಒಣಗಿದೆ, ಇನ್ನು ಚಿಂತೆಯಿಲ್ಲ ಎನ್ನುವುದು ಅರ್ಧ ನಿಜ: ಮಾರ್ಚ್‌ನಲ್ಲಿ ಹೊಂಡದ ದಂಡೆಯಿಂದ ಇನ್ನೂ ದೂರ ಇರಿ. ನಾಯಿಯನ್ನು ಕರೆತರಬೇಡಿ. ತಿಂಡಿ ಎಸೆಯಬೇಡಿ, ಅದು ಫ್ಲೋರಿಡಾದಲ್ಲಿ ಅಪರಾಧ, ಮನುಷ್ಯನೆಂದರೆ ಊಟ ಎಂದು ಪ್ರಾಣಿಗೆ ಪಾಠ ಹೇಳಿಕೊಟ್ಟ ಹಾಗೆ ಕೂಡ.

ಕಾಟನ್‌ಮೌತ್ ಹಾವಿನ ಬಗ್ಗೆ ಎಚ್ಚರ ಬೇಕು. ನಮ್ಮ ಹಾವುಗಳಂತೆ ಸದ್ದಿಗೆ ಸರಿದುಹೋಗುತ್ತದೆ ಎಂದು ನೆಚ್ಚುವ ಹಾಗಿಲ್ಲ. ಇದ್ದಲ್ಲೇ ಸುರುಳಿಯಾಗಿ, ಬಿಳಿ ಬಾಯಿ ತೆರೆದು ಎಚ್ಚರಿಸುತ್ತದೆ. ಬಿದ್ದ ಮರ ದಾಟುವಾಗ ಆಚೆ ಬದಿ ನೋಡದೆ ಕಾಲಿಡಬೇಡಿ. ಬರ್ಮೀಸ್ ಹೆಬ್ಬಾವಿನ ಸುದ್ದಿ ಕೇಳಿ ಹೆದರುವವರಿದ್ದಾರೆ. ಸಾಕಿದವರು ಬಿಟ್ಟದ್ದು ಬೆಳೆದು ಹಬ್ಬಿದ್ದು ನಿಜ, ಆದರೆ ಅದರ ಹಾವಳಿ ನಡೆಯುವವರ ಮೇಲಲ್ಲ. ಪಕ್ಕದ ಎವರ್‌ಗ್ಲೇಡ್ಸ್‌ನಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟು ಕಡಿಮೆಯಾಗಿದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

9. ಚೇರು ಮರದ ನೆಂಟ

ಹ್ಯಾಮಕ್‌ನ ನೆರಳಿಗೆ ಹೋದವರು ಮರಕ್ಕೆ ಒರಗುತ್ತಾರೆ. ಒರಗುವ ಮೊದಲು ತೊಗಟೆ ನೋಡಿ. ಕೆಂಪಗೆ, ಕಾಗದದಂತೆ ಸುಲಿಯುತ್ತಿದ್ದರೆ ಗಂಬೊ ಲಿಂಬೊ, ನಿರಪಾಯ. ತೊಗಟೆಯ ಮೇಲೆ, ಎಲೆಯ ಮೇಲೆ ಡಾಂಬರು ಚೆಲ್ಲಿದಂಥ ಕಪ್ಪು ಕಲೆಗಳಿದ್ದರೆ ಅದು ಪಾಯಿಸನ್‌ವುಡ್. ಮಾವು, ಗೇರಿನ ಕುಟುಂಬವೇ. ನಮ್ಮ ಘಟ್ಟದ ಚೇರು ಮರಕ್ಕೂ ನೆಂಟ. ಗೇರುಬೀಜ ಸುಡುವಾಗ ಕೈಮೇಲೆ ಎಣ್ಣೆ ಸಿಡಿಸಿಕೊಂಡವರಿಗೆ ಬೊಬ್ಬೆಯ ಪರಿಚಯ ಹೇಳಬೇಕಾಗಿಲ್ಲ. ಮೂರೆಲೆಯ ಪಾಯಿಸನ್ ಐವಿ ಬಳ್ಳಿಯೂ ಅದೇ ಮನೆತನ.

10. ಇದು ಪಾರ್ಕ್ ಅಲ್ಲ, ಪ್ರಿಸರ್ವ್

1968ರಲ್ಲಿ ಈ ಜೌಗಿನ ಅಂಚಿನಲ್ಲಿ ಜಗತ್ತಿನಲ್ಲೇ ದೊಡ್ಡ ವಿಮಾನ ನಿಲ್ದಾಣ ಕಟ್ಟುವ ಕೆಲಸ ಶುರುವಾಯಿತು. ಪರಿಸರದವರು ಎದ್ದು ನಿಂತರು. ಎವರ್‌ಗ್ಲೇಡ್ಸ್ ಕುರಿತು 1947ರಲ್ಲೇ ಪುಸ್ತಕ ಬರೆದಿದ್ದ ಮಾರ್ಜೊರಿ ಸ್ಟೋನ್‌ಮನ್ ಡಗ್ಲಸ್ ತಮ್ಮ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, 1969ರಲ್ಲಿ, ಇದಕ್ಕಾಗಿಯೇ ಸಂಘಟನೆ ಕಟ್ಟಿದರು. ಅವರ ಪಕ್ಕದಲ್ಲಿ ನಿಂತು ಬಡಿದಾಡಿದವರಲ್ಲಿ ಬೇಟೆಗಾರರೂ ಇದ್ದರು, ಬಗ್ಗಿ ಓಡಿಸುವವರೂ ಇದ್ದರು. ಒಂದು ರನ್‌ವೇ ಆಗುವಷ್ಟರಲ್ಲಿ, 1970ರಲ್ಲಿ, ಯೋಜನೆ ನಿಂತಿತು. 1974ರ ಅಕ್ಟೋಬರ್ 11ರಂದು ಕಾಯ್ದೆಯಾದಾಗ ಪ್ರಿಸರ್ವ್ ಎಂಬ ಹೊಸ ಬಗೆ ಹುಟ್ಟಿತು. ಟೆಕ್ಸಸ್‌ನ ಬಿಗ್ ಥಿಕೆಟ್‌ಗೂ ಅದೇ ದಿನ ಅದೇ ಸ್ಥಾನ ಸಿಕ್ಕಿತು. ನ್ಯಾಷನಲ್ ಪಾರ್ಕ್‌ನಲ್ಲಿ ನಡೆಯದ ಬೇಟೆ, ಬಗ್ಗಿ, ಹಳೆಯ ತೈಲಬಾವಿ ಇಲ್ಲಿ ನಿಯಮದೊಳಗೆ ನಡೆಯುತ್ತವೆ. ಮಿಕೊಸುಕಿ ಮತ್ತು ಸೆಮಿನೋಲ್ ಜನರ ಪರಂಪರೆಯ ಹಕ್ಕುಗಳೂ ಉಳಿದಿವೆ. ಬಗ್ಗಿಯ ಗದ್ದಲ ಕೇಳಿ ಮೂಗು ಮುರಿಯುವ ನಮ್ಮ ಗುಂಪಿನವರಿಗೆ ನಾನು ಈ ಕಥೆ ಹೇಳುತ್ತೇನೆ. ಆ ಬೇಟೆಗಾರರು, ಬಗ್ಗಿಯವರು ಇಲ್ಲದಿದ್ದರೆ ನಾವಿಂದು ಬೋರ್ಡಿಂಗ್ ಪಾಸ್ ಹಿಡಿದು ಇಲ್ಲಿ ನಿಂತಿರುತ್ತಿದ್ದೆವು.

ನಡಿಗೆಯ ತಯಾರಿಗೆ ಸಂಬಂಧಪಟ್ಟ ಮಾತು: ನವೆಂಬರ್, ಡಿಸೆಂಬರ್‌ನಲ್ಲಿ ಕೋವಿ ಬೇಟೆಯ ಅವಧಿ ಇರುತ್ತದೆ. ಆ ವರ್ಷದ ತಾರೀಕು ನೋಡಿಕೊಳ್ಳಿ, ಎಲ್ಲರ ಮೈಮೇಲೂ ಢಾಳಾದ ಕಿತ್ತಳೆ ಅಂಗಿ ಇರಲಿ. ಕಂದು ಬಣ್ಣದ ಜಿಂಕೆ ಚರ್ಮದಂಥ ಜಾಕೆಟ್ ಮನೆಯಲ್ಲಿರಲಿ.

11. ಅಪ್ಪ ಅಮ್ಮ ಬಂದಿದ್ದಾಗ

ಚಳಿಗಾಲಕ್ಕೆ ಊರಿನಿಂದ ಹಿರಿಯರು ಬಂದಿರುತ್ತಾರೆ, ಅವರನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಅವರಿಗೆ ಬೇರೆಯೇ ದಿನ ಇಟ್ಟುಕೊಳ್ಳಿ, ಎರಡನ್ನೂ ಒಂದೇ ದಿನಕ್ಕೆ ಹೊಲಿಯಬೇಡಿ. ಹೆದ್ದಾರಿಯಲ್ಲೇ ಕರ್ಬಿ ಸ್ಟೋರ್ಟರ್ ಎಂಬಲ್ಲಿ ಅರ್ಧ ಮೈಲಿಯ ಮರದ ಅಟ್ಟಣಿಗೆ ದಾರಿಯಿದೆ, ಗಾಲಿಕುರ್ಚಿಯೂ ಹೋಗುತ್ತದೆ. ಬಯಲಿನಲ್ಲಿ ಶುರುವಾಗಿ, ಗಿಡ್ಡ ಸೈಪ್ರೆಸ್ ದಾಟಿ, ಎತ್ತರದ ಮರಗಳ ಸ್ಟ್ರ್ಯಾಂಡ್ ಒಳಗೆ, ಹೊಂಡದ ಮೇಲೆ ಮುಗಿಯುತ್ತದೆ. ಎರಡನೇ ಪಾಠದಲ್ಲಿ ಬರೆದದ್ದೆಲ್ಲ ಕಾಲು ನೆನೆಯದೆ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಸಾಗರದ ಆ ಹಿರಿಯರು ಕಂಬಿ ಹಿಡಿದು ಬಗ್ಗಿ, ನೀರಿನಲ್ಲಿ ಅದ್ದಿದ ಮರದ ಬುಡಗಳನ್ನು ಬಹಳ ಹೊತ್ತು ನೋಡಿದರು. "ನಮ್ಮಲ್ಲಾದ್ರೆ ಇಷ್ಟು ನೀರು ನಿಂತ್ರೆ ಅಡಿಕೆಗೆ ಕೊಳೆ ಬಂದು ಹೋಗ್ತಿತ್ತು" ಎಂದರು. ಅವರ ಚಿಂತೆ ಅವರಿಗೆ.

ಮಕ್ಕಳಿದ್ದರೆ ಲೂಪ್ ರೋಡ್‌ನ ಗೇಟರ್ ಹುಕ್ ಹಾದಿ ಒಳ್ಳೆಯ ಮೊದಲ ಪಾಠ. ಹಿಂದೆ ಸೈಪ್ರೆಸ್ ದಿಮ್ಮಿ ಸಾಗಿಸಿದ ಟ್ರಾಮ್ ದಾರಿಯ ಗುರುತಿನ ಮೇಲೆ ಅದು ಹೋಗುತ್ತದೆ. ನೀರು ಸಿಕ್ಕಿದ ಮೇಲೆ ಮಗು ಬೇಡ ಎಂದರೆ ಅಲ್ಲಿಂದಲೇ ಹಿಂತಿರುಗಿ.

12. ಕಾರಿನ ಡಿಕ್ಕಿಯೂ ತಯಾರಿಯ ಭಾಗ

ಪ್ರವೇಶ ಶುಲ್ಕವಿಲ್ಲ, ಅಂಗಡಿಯೂ ಇಲ್ಲ. ಮಯಾಮಿ ಕಡೆಯಿಂದ ಬರುವವರು ಕ್ರೋಮ್ ಅವೆನ್ಯೂ ದಾಟುವ ಮೊದಲೇ ಪೆಟ್ರೋಲ್ ತುಂಬಿಸಿಕೊಳ್ಳಿ; ಅಲ್ಲಿಂದ ಓಯಸಿಸ್ ಇನ್ನೂ ಮುಕ್ಕಾಲು ಗಂಟೆ. ಎಷ್ಟು ಜನ, ಯಾವ ಹಾದಿ, ಎಷ್ಟು ಗಂಟೆಗೆ ವಾಪಸ್ಸು ಎಂದು ಮನೆಯಲ್ಲಿ ಉಳಿದ ಒಬ್ಬರಿಗೆ ಬರೆದು ಕಳಿಸಿ. "ಸಂಜೆ ಏಳಕ್ಕೆ ಫೋನ್ ಬರದಿದ್ದರೆ 911ಕ್ಕೆ ಕರೆ ಮಾಡು" ಎಂಬ ಸಾಲು ಅದರಲ್ಲಿರಲಿ.

ಡಿಕ್ಕಿಯಲ್ಲಿ ತಲೆಗೊಂದು ಟವೆಲ್, ಒಣ ಪ್ಯಾಂಟು, ಚಪ್ಪಲಿ, ಸೀಟಿನ ಮೇಲೆ ಹಾಸಲು ಹಳೆಯ ಪ್ಲಾಸ್ಟಿಕ್ ಶೀಟು. ಎರಡು ಕ್ಯಾನ್ ನಲ್ಲಿನೀರು, ಕಾಲು ತೊಳೆಯಲು. ಮಾರ್ಲ್ ಒಣಗಿದರೆ ಗಾರೆಯಾಗುತ್ತದೆ, ಶೂವನ್ನು ಅಲ್ಲೇ ಜಾಲಾಡಿಸಿ. ಫ್ಲಾಸ್ಕಿನಲ್ಲಿ ಕಾಫಿ ಉಳಿಸಿಕೊಂಡವರು ಆ ಹೊತ್ತಿಗೆ ಎಲ್ಲರಿಗೂ ಬೇಕಾದವರಾಗುತ್ತಾರೆ. ಕತ್ತಲಾದ ಮೇಲೆ ಹೊರಟರೆ ಹೆದ್ದಾರಿಯಲ್ಲಿ ಪ್ಯಾಂಥರ್ ಚಿತ್ರದ ಫಲಕಗಳಿರುವ ಕಡೆ ರಾತ್ರಿಯ ವೇಗಮಿತಿ ಕಡಿಮೆ ಎಂಬುದು ನೆನಪಿರಲಿ. ಇಡೀ ರಾಜ್ಯದಲ್ಲಿ ಉಳಿದಿರುವುದೇ ಕೆಲವು ನೂರರೊಳಗೆ, ಮತ್ತು ಅವು ಸಾಯುವ ಮುಖ್ಯ ಕಾರಣಗಳಲ್ಲಿ ಒಂದು ಕಾರು. ಓಡಿಸುವವರ ಪಕ್ಕದಲ್ಲಿ ಕೂತವರು ನಿದ್ದೆ ಮಾಡಬಾರದು, ರಸ್ತೆಯಂಚು ನೋಡುತ್ತಿರಬೇಕು. ನಮ್ಮ ಗುಂಪಿನಲ್ಲಿ ಈ ಕೆಲಸಕ್ಕೆ ಚಿಕ್ಕವರಿಗೇ ಮೊದಲ ಸರದಿ.